ಎರಡನೇ ಗ್ಲಾಸಿಗೆ ಮುಂಚೆ ಒಂದು ಸಹಿ

ಈ ಊರಿಗೆ ಕೆಲಸಕ್ಕೆಂದು ಬಂದ ಮೊದಲ ವಾರ ನಾನು ಒಂದು ಬಾರನ್ನು ವಾರ್ಡ್ ಆಫೀಸು ಎಂದುಕೊಂಡು, ಮೂರು ಜೆರಾಕ್ಸ್ ಪ್ರತಿ ಕೈಯಲ್ಲಿ ಹಿಡಿದು, ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದೆ.

ತಪ್ಪು ಪೂರ್ತಿ ನನ್ನದಲ್ಲ. ಮುಕ್ಕಾಲು ಪಾಲು ಮಾತ್ರ. ಬಾಡಿಗೆ ಕೋಣೆಗೆ ವಿಳಾಸದ ಪುರಾವೆ ಬೇಕಿತ್ತು. ಮನೆಯ ಮಾಲೀಕ, "ಮೂಲೆ ಕಟ್ಟಡಕ್ಕೆ ಹೋಗಿ. ಅಲ್ಲಿ ಚಿಕ್ಕಮ್ಮ ಇರ್ತಾರೆ, ಸೈನ್ ಹಾಕಿ ಕೊಡ್ತಾರೆ" ಎಂದಿದ್ದ. ಹೋದೆ. ಉದ್ದನೆಯ ಮರದ ಕೌಂಟರು. ಅದರ ಹಿಂದೆ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡ, ಐವತ್ತು ದಾಟಿದ ಹೆಂಗಸು. ಮುಂದೆ ಕಾಗದ ಹಿಡಿದು ನಿಂತ ಇಬ್ಬರು. ಗೋಡೆಯ ಪಕ್ಕದ ಬೆಂಚುಗಳಲ್ಲಿ ಏಳೆಂಟು ಜನ, ಬೆಳಗಿನಿಂದ ಕಾದು ಕಾದು ಆಸೆ ಬಿಟ್ಟ ಮುಖದವರು. ಅಷ್ಟು ಸೋತ ಮುಖಗಳನ್ನು ಒಂದೇ ಕಡೆ ಸರ್ಕಾರಿ ಕಚೇರಿಯಲ್ಲಲ್ಲದೆ ನಾನು ಬೇರೆಲ್ಲೂ ಕಂಡಿರಲಿಲ್ಲ. ಅವರ ಮುಂದಿದ್ದ ಗ್ಲಾಸುಗಳು ಕಣ್ಣಿಗೆ ಬೀಳಲಿಲ್ಲ ಎಂದಲ್ಲ. ಕಚೇರಿಗಳು ಸುಧಾರಿಸಿವೆ, ಕಾಯುವವರಿಗೆ ಕುಡಿಯಲು ತಣ್ಣಗೆ ಏನೋ ಕೊಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ನನ್ನ ಸರದಿ ಬಂತು. ಆಕೆ ಅರ್ಜಿಯ ಎರಡೂ ಬದಿ ಓದಿ, ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿ, ಪೆನ್ನು ಮುಚ್ಚಿ, "ಸರಿ, ಏನು ಕೊಡ್ಲಿ?" ಎಂದರು.

ನಾನು ದನಿ ತಗ್ಗಿಸಿ, "ನೀವು ಕೊಡೋದೇನು ಮೇಡಂ, ನಾನೇ ಕೊಡಬೇಕಲ್ವಾ? ಇಲ್ಲಿ ಎಷ್ಟು ನಡೀತಿದೆ?" ಎಂದೆ.

ಕಿಟಕಿಯ ಪಕ್ಕದಲ್ಲಿದ್ದ ಮುದುಕರೊಬ್ಬರು ಮೇಜು ಗುದ್ದಿ, "ಚಿಕ್ಕಮ್ಮಾ, ಹುಡುಗ ಲಂಚ ಕೊಡ್ತಾನಂತೆ! ಬೇಡ ಅನ್ನಬೇಡಿ, ಎಲ್ಲರಿಗೂ ಒಂದೊಂದು ಬಿಯರ್ ತರಿಸಿಬಿಡಿ!" ಎಂದು ಕೂಗಿದರು. ನಗು ಎಷ್ಟು ಜೋರಾಗಿತ್ತೆಂದರೆ ರಸ್ತೆಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿದರು. ಹೀಗೆ ಮರ್ಯಾದೆ ಪೂರ್ತಿ ಹೋದ ಮೇಲೆ ಆ ಬೀದಿಯಲ್ಲಿ ನನಗೆ ಜಾಗ ಸಿಕ್ಕಿತು.

ಕೂಗಿದ ಮುದುಕರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಗಾರ್ಡ್ ತಾತ. ಚಿಕ್ಕಮ್ಮನಿಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ಅವರ ಬಾಯಲ್ಲಿ ಆಕೆ ಚಿಕ್ಕಮ್ಮನೇ. ಪ್ರೈಮರಿ ಶಾಲೆಯ ಟೀಚರಿಗೂ ಚಿಕ್ಕಮ್ಮ, ಎದುರು ಅಂಗಡಿಯ ಬೀಗ ರಿಪೇರಿಯವನಿಗೂ ಚಿಕ್ಕಮ್ಮ. ಯಾರಿಗೂ ನಿಜವಾಗಿ ಸಂಬಂಧಿಯಲ್ಲದ ಕಾರಣ ಎಲ್ಲರಿಗೂ ಅನುಕೂಲವಾದ ಸಂಬಂಧ.

ನನ್ನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು, ಹಾಗಾಗಿ ಬೀದಿಗೆಲ್ಲ ನಾನು 'ಕನ್ನಡಕ'. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಗೋಡೆಯ ಮೇಲಿನ ಅಕ್ಷರ ಓದಲು ಕಣ್ಣು ಕಿರಿದು ಮಾಡುತ್ತಾರೆ. ಹಿಂದೆ ನಾನು ಅವರ ನಂಬರಿಗೆ ತಕ್ಕಂತೆ ಗಾಜಿನ ಅಂಚು ಸವೆಸುತ್ತೇನೆ. ಸಂಜೆಗೆ ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಕಿವಿಯಲ್ಲಿ ಯಂತ್ರದ ಗುಂಯ್. ಕೋಣೆಗೆ ಹೋದರೆ ಬಾಗಿಲು ಮಂಚಕ್ಕೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಒಳಗೆ ಮಲಗಬಹುದು, ಇಲ್ಲವೇ ನಿಲ್ಲಬಹುದು, ಕೂರುವ ಏರ್ಪಾಡಿಲ್ಲ. ಹಾಗಾಗಿ ನನ್ನ ಮನೆಯ ಹಾಲ್ ಎಂದರೆ ಚಿಕ್ಕಮ್ಮನ ಬಾರೇ. ಆರು ಗಂಟೆಗೆ ಹೋಗಿ ಎಂಟಕ್ಕೆ ಬರುತ್ತಿದ್ದೆ. ಕುಡಿಯುತ್ತಿದ್ದುದು ಎರಡು ಗ್ಲಾಸು. ಉಳಿದ ಹೊತ್ತು ಕೂತಿರುತ್ತಿದ್ದೆ, ಮನುಷ್ಯರ ಹಾಗೆ.

ಬಾರು ದೊಡ್ಡದೇನಲ್ಲ. ಎಂಟು ಮೇಜು, ಬೀದಿಗೆ ತೆರೆದ ಒಂದು ಕಿಟಕಿ, ಒದ್ದೆ ಬಟ್ಟೆಯ ವಾಸನೆ. ಗೋಡೆ ಗಡಿಯಾರವನ್ನು ಬೇಕೆಂದೇ ಹತ್ತು ನಿಮಿಷ ಮುಂದಿಟ್ಟಿದ್ದರು, ಜನ ಹೊತ್ತಿಗೆ ಸರಿಯಾಗಿ ಏಳಲಿ ಎಂದು. ಎಲ್ಲರಿಗೂ ಅದು ಗೊತ್ತಿದ್ದರಿಂದ ಎಲ್ಲರೂ ಹತ್ತು ನಿಮಿಷ ಹೆಚ್ಚೇ ಕೂರುತ್ತಿದ್ದರು. ಚಿಕ್ಕಮ್ಮ ಒಂದು ಕೈಯಲ್ಲಿ ಗ್ಲಾಸು ಒರೆಸುತ್ತ, ಇನ್ನೊಂದರಲ್ಲಿ ನಲ್ಲಿ ತಿರುಗಿಸುತ್ತ, ಕಣ್ಣಿನಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಂದು ಸಂಜೆ ಗಾರ್ಡ್ ತಾತನ ಕುರ್ಚಿ ಆರೂವರೆಯಾದರೂ ಖಾಲಿ ಇತ್ತು. "ಎಲ್ಲಾದ್ರೂ ಹೋಗಿರ್ತಾರೆ ಬಿಡಿ" ಎಂದ ಬೀಗದವನನ್ನು, "ಎಲ್ಲಿಗೆ ಹೋಗ್ತಾರೆ? ಅವರ ರೈಲು ನಿಂತು ಹತ್ತು ವರ್ಷ ಆಯ್ತು. ಎದ್ದು ಹೋಗಿ ಬಾಗಿಲು ತೆಗಿ" ಎಂದು ಗದರಿ ಕಳಿಸಿದರು. ತಾತ ಬಚ್ಚಲಲ್ಲಿ ಸೊಂಟ ಮುರಿದುಕೊಂಡು ಮಧ್ಯಾಹ್ನದಿಂದ ಬಿದ್ದಿದ್ದರು. ನನಗೆ ಜ್ವರ ಬಂದಾಗಲೂ ಎರಡನೇ ದಿನಕ್ಕೇ ಯಾರೋ ನನ್ನ ಬಾಗಿಲು ಬಡಿದಿದ್ದರು. ಟೀಚರ ಕೈಯಲ್ಲಿ ಬಿಸಿ ಸೂಪಿನ ಡಬ್ಬಿ. "ಚಿಕ್ಕಮ್ಮ ಕಳ್ಸಿದ್ದಾರೆ. ಡಬ್ಬಿ ವಾಪಸ್ ಬೇಕಂತೆ, ನೀನು ಹೇಗಿದ್ರೂ ಪರವಾಗಿಲ್ಲವಂತೆ" ಎಂದರು.

ಬಾರಿಗೆ ಒಂದು ಪದ್ಧತಿ ಇತ್ತು. ಕೌಂಟರಿನ ಬಲತುದಿಯಲ್ಲಿ ಕ್ಲಿಪ್ಪು ಹಾಕಿದ ಒಂದು ಹಲಗೆ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಬೀದಿಗೆ ಬೇಕಾದ ಅರ್ಜಿ, ದೂರು, ಮನವಿ ಯಾವುದಿದ್ದರೂ ಆ ಹಲಗೆಗೆ ಬರುತ್ತಿತ್ತು. ಅದಕ್ಕೆ ಸಹಿ ಹಾಕದವರಿಗೆ ಎರಡನೇ ಗ್ಲಾಸು ಇಲ್ಲ. ಬೀದಿ ದೀಪ ಬಂದದ್ದು ಆ ಹಲಗೆಯಿಂದ, ಬಸ್ ನಿಲುಗಡೆ ಉಳಿದದ್ದು ಆ ಹಲಗೆಯಿಂದ. ಓದುವವರು ಯಾರೂ ಇರಲಿಲ್ಲ. ಒಂದು ಸಲ ಬೀಗದವನು, ತನ್ನದೇ ಅಂಗಡಿಯ ಗರಗಸದ ಸದ್ದಿಗೆ ನಿವಾಸಿಗಳು ಬೇಸತ್ತಿದ್ದಾರೆ ಎಂಬ ದೂರಿಗೆ ತಾನೇ ಸಹಿ ಹಾಕಿ, ನೋಟಿಸು ಬಂದಾಗ ಮೂರು ದಿನ ಇಡೀ ಬೀದಿಯ ಮೇಲೆ ಮುನಿಸಿಕೊಂಡಿದ್ದ.

ಹಲಗೆಯ ದೊಡ್ಡ ಸಾಹಸ ಮಾತ್ರ ನಾನು ಬರುವುದಕ್ಕೂ ಮುಂಚಿನದು. ಅದನ್ನು ಗಾರ್ಡ್ ತಾತ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಯಾರೋ ಈ ಕಟ್ಟಡ ಕೊಳ್ಳಲು ಬಂದನಂತೆ. ಬಾರು ಹೋಗುತ್ತದೆ ಎಂದು ತಿಳಿದು ಬೀದಿಯೇ ಎದ್ದಿತಂತೆ. ಹಲಗೆ ಹಿಡಿದು ನಗರಸಭೆಗೆ ನುಗ್ಗಿ, ಇದು ನಿವಾಸಿಗಳು ಕೂಡುವ ಜಾಗ, ಬೀದಿಯ ಮೂವತ್ತು ಜನ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಇದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ ಎಂದು ಆದೇಶ ಮಾಡಿಸಿಕೊಂಡು ಬಂದರಂತೆ. ಆ ಆದೇಶಕ್ಕೆ ಚೌಕಟ್ಟು ಹಾಕಿ ಗಡಿಯಾರದ ಕೆಳಗೆ ನೇತುಹಾಕಿದ್ದರು. "ಚಿಕ್ಕಮ್ಮನ್ನ ನಾವು ಉಳಿಸಿಕೊಂಡ್ವಿ ಕಣಯ್ಯಾ" ಎಂದು ತಾತ ಕತೆ ಮುಗಿಸುವಾಗ ಚಿಕ್ಕಮ್ಮ ಯಾವಾಗಲೂ ಬೆನ್ನು ತಿರುಗಿಸಿ ಬಾಟಲಿ ಜೋಡಿಸುತ್ತಿರುತ್ತಿದ್ದರು. ನಾಚಿಕೆ ಎಂದುಕೊಂಡಿದ್ದೆ.

ಆಕೆ ತಮ್ಮ ಕತೆಯನ್ನು ಹೇಳಿದ್ದು ಒಂದೇ ಸಲ, ಅದೂ ತಮಾಷೆಯಾಗಿ. ಬಾರು ನಿಜಕ್ಕೂ ಅವರ ಅಣ್ಣನದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಚಿಕ್ಕಮ್ಮ ನೂಲಿನ ಗಿರಣಿಯಲ್ಲಿ ಎಳೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಅಣ್ಣನಿಗೆ ಆಪರೇಷನ್ ಆಯಿತು. "ಆರು ವಾರ ನೋಡ್ಕೊಳಮ್ಮಾ" ಎಂದ. ರಜೆ ಹಾಕಿ ಬಂದರು. ಅಣ್ಣ ಹುಷಾರಾದ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ತೀರದ ಊರಿಗೆ ಹೋದ, ಕಟ್ಟಡವನ್ನು ತಂಗಿಯ ಹೆಸರಿಗೆ ಬರೆದು, ದೊಡ್ಡ ಉಪಕಾರ ಮಾಡಿದವನ ಹಾಗೆ ಪತ್ರ ಹಾಕಿದ. ಅದಾಗಿ ಮೂವತ್ತೊಂದು ವರ್ಷ.

"ಹಾಗಾದ್ರೆ ಗಿರಣಿ ಕೆಲಸ?" ಎಂದು ಕೇಳಿದ್ದೆ.

"ರಾಜೀನಾಮೆ ಕೊಟ್ಟಿಲ್ಲ ಕಣೋ ಕನ್ನಡಕ. ಇನ್ನೂ ರಜೆ ಮೇಲೇ ಇದ್ದೀನಿ" ಎಂದರು. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಅಂಗಡಿ ಬೇಗ ಮುಚ್ಚಿತ್ತು, ಐದೂವರೆಗೇ ಹೋದೆ. ಗಾರ್ಡ್ ತಾತ ಆಗಲೇ ಕಿಟಕಿ ಪಕ್ಕ ಪತ್ರಿಕೆ ಹಿಡಿದು ಕೂತಿದ್ದರು. ಮತ್ತೆ ಯಾರೂ ಇರಲಿಲ್ಲ. ಮೊದಲನೇ ಗ್ಲಾಸೂ ಕೊಡದೆ ಚಿಕ್ಕಮ್ಮ ಹಲಗೆಯನ್ನು ನನ್ನ ಮುಂದೆ ತಳ್ಳಿದರು. ಒತ್ತಾಗಿ ಟೈಪ್ ಮಾಡಿದ ಎರಡು ಹಾಳೆ, ಕೆಳಗೆ ಖಾಲಿ ಗೆರೆಗಳು.

"ಓದಿ ಹಾಕು" ಎಂದರು.

ಅಷ್ಟು ವರ್ಷದಲ್ಲಿ ಆ ಮಾತನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅದಾದರೂ ನನಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಒಂದು ಚಂದದ ಮಾತು: "ನೀವು ಕೊಟ್ಟಿದ್ದನ್ನ ಓದೋದು ಅಂದ್ರೆ ನಿಮ್ಮ ಮೇಲೆ ಅನುಮಾನ ಪಟ್ಟ ಹಾಗೆ ಚಿಕ್ಕಮ್ಮ." ಹೇಳಿ ಎಷ್ಟು ಖುಷಿಯಾಯಿತೆಂದರೆ, ಸಹಿಯ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಎರಡು ಚುಕ್ಕಿಯನ್ನೂ ಇಟ್ಟೆ. ಚಿಕ್ಕಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, ಹಲಗೆ ಎತ್ತಿಕೊಂಡು ಹೋಗಿ ಗಾರ್ಡ್ ತಾತನ ಮುಂದಿಟ್ಟರು. "ಓದಿ ಹಾಕಿ" ಎಂದರು. ತಾತ, "ಹುಡುಗ ಹಾಕಿದ್ದಾನಲ್ಲ" ಎಂದು ಪತ್ರಿಕೆಯಿಂದ ಕಣ್ಣೆತ್ತದೆ ಹಾಕಿದರು. ಆಮೇಲೆ ಬಂದ ಬೀಗದವನು ಹಾಕಿದ, ಟೀಚರು ಹಾಕಿದರು. ಹಲಗೆ ಮೂರು ದಿನ ಕೌಂಟರಿನ ಮೇಲಿತ್ತು.

ಐದು ವಾರ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅಂಗಡಿಯಿಂದ ಬರುವಾಗ ಬಾರಿನ ಬಾಗಿಲ ಮುಂದೆ ಗುಂಪು. ಬಾಗಿಲಿಗೆ ಹಳದಿ ಕಾಗದ ಅಂಟಿಸಿದ್ದರು. ಬೀದಿಯ ಮೂವತ್ತೆಂಟು ನಿವಾಸಿಗಳ ಲಿಖಿತ ಒಪ್ಪಿಗೆಯ ಮೇರೆಗೆ ಹಳೆಯ ಆದೇಶವನ್ನು ರದ್ದು ಮಾಡಲಾಗಿದೆ. ಕಟ್ಟಡದಲ್ಲಿ ಬಾತ್‌ರೂಮ್ ಸಾಮಾನಿನ ಶೋರೂಮ್ ತೆರೆಯಲು ಅನುಮತಿ ಕೊಡಲಾಗಿದೆ. ಒಪ್ಪಿಗೆದಾರರ ಪಟ್ಟಿ ಜೊತೆಗಿದೆ.

"ಯಾವ ಹಲ್ಕಾ ನನ್ಮಗ ಒಪ್ಪಿಗೆ ಕೊಟ್ಟಿದ್ದು?" ಬೀಗದವನು ಕೈಯಲ್ಲಿ ಸುತ್ತಿಗೆ ಹಿಡಿದೇ ಬಂದಿದ್ದ. "ಮೂವತ್ತೆಂಟು ಜನ! ನಮ್ಮ ಜೊತೆ ಕೂತು ಕುಡಿದು, ಬೆನ್ನ ಹಿಂದೆ ಚೂರಿ! ಓದಿ ಟೀಚರ್, ಒಬ್ಬೊಬ್ಬನ್ನೂ ನೋಡ್ಕೊತೀನಿ."

ಗುಂಪು ಹೂಂಗುಟ್ಟಿತು. ನಾನೂ ಹೂಂಗುಟ್ಟಿದೆ, ಮುಂದೆ ಬಂದು, "ಜೋರಾಗಿ ಓದಿ, ಎಲ್ಲರಿಗೂ ಕೇಳಿಸಲಿ" ಎಂದೂ ಹೇಳಿದೆ.

ಟೀಚರು ಕನ್ನಡಕ ಏರಿಸಿದರು. ಅದರ ಗಾಜು ನಾನೇ ಉಜ್ಜಿದ್ದು. ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಎರಡು ಗೆರೆ, ಎರಡು ಚುಕ್ಕಿ.

"ಜೋರಾಗಿಯೇ ಓದ್ಲಾ?" ಎಂದರು.

ಎರಡನೆಯದು ಗಾರ್ಡ್ ತಾತ. ಮೂರನೆಯದು ಬೀಗದವನು. "ನಂದಲ್ಲ! ಯಾರೋ ನಕಲು ಮಾಡಿದ್ದಾರೆ!" ಎಂದು ಅವನು ಕೂಗಿದ. "ನಿನ್ನ ಸಹಿ ನಕಲು ಮಾಡೋಕೆ ಯಾರಿಂದ ಆಗುತ್ತಪ್ಪಾ, ನಿನಗೇ ಎರಡು ಸಲ ಒಂದೇ ಥರ ಬರಲ್ಲ" ಎಂದ ಟೀಚರು, ಮುಂದಿನ ಸಾಲಿಗೆ ಬೆರಳು ಜಾರಿಸಿ ಬಾಯಿ ಮುಚ್ಚಿಕೊಂಡರು. ನಾಲ್ಕನೆಯದು ಅವರೇ. ಆಮೇಲಿನದನ್ನು ಓದಿ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಹೆಸರನ್ನು ಮನಸ್ಸಿನಲ್ಲೇ ಓದಿಕೊಂಡರು.

ಒಳಗೆ ಚಿಕ್ಕಮ್ಮ ಗ್ಲಾಸುಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ನಾವು ನುಗ್ಗಿದ ಸದ್ದಿಗೆ ತಲೆಯೆತ್ತಿ, ಮತ್ತೆ ಬಗ್ಗಿದರು.

"ಹೀಗೆ ಮಾಡಬಹುದಾ ಚಿಕ್ಕಮ್ಮ?" ಎಂದರು ಟೀಚರು.

"ಓದಿ ಅಂತ ಹೇಳಿದ್ದೆ. ಒಬ್ಬೊಬ್ಬರಿಗೂ ಹೇಳಿದ್ದೆ."

"ಅದು ಬೇರೆ!" ಬೀಗದವನು ಗೋಡೆಯ ಚೌಕಟ್ಟಿನ ಕಡೆ ಸುತ್ತಿಗೆ ತೋರಿಸಿದ. "ಅವತ್ತು ಈ ಬಾರು ಮಾರಿಹೋಗ್ತಿತ್ತು. ನಿಮ್ಮನ್ನ ಉಳಿಸಿದ್ದು ನಾವು. ಮರೆತುಬಿಟ್ರಾ?"

"ಅವತ್ತು ಮಾರೋಕೆ ಹೊರಟಿದ್ದು ಯಾರು ಅಂದ್ಕೊಂಡಿದ್ದೀರಿ?"

ಹನ್ನೆರಡು ವರ್ಷ ಹೇಳಿದ ಕತೆಯಲ್ಲಿ ಕೊಳ್ಳುವವನು ಇದ್ದ, ಬೀದಿ ಇತ್ತು, ನಗರಸಭೆ ಇತ್ತು. ಮಾರುವವರು ಯಾರೆಂದು ಯಾರೂ ಕೇಳಿರಲಿಲ್ಲ.

"ನಾನೇ" ಎಂದರು ಚಿಕ್ಕಮ್ಮ. "ಆವಾಗ ನನಗೆ ನಲವತ್ಮೂರು. ಮಂಡಿ ಚೆನ್ನಾಗಿತ್ತು. ಹೇಳೋಣ ಅಂತ ಬಾಯಿ ತೆಗೆಯೋ ಹೊತ್ತಿಗೆ ನೀವು ಆ ಆದೇಶ ಹಿಡ್ಕೊಂಡು ಕುಣೀತಾ ಬಂದ್ರಿ. ನನ್ನನ್ನ ಹೆಗಲ ಮೇಲೆ ಎತ್ತೋದೊಂದು ಬಾಕಿ. ಆಮೇಲೆ ಏನಂದ್ರಿ ಗೊತ್ತಾ? ಚಿಕ್ಕಮ್ಮಾ, ಎಲ್ಲರಿಗೂ ಇನ್ನೊಂದು ರೌಂಡ್ ಅಂದ್ರಿ. ಕೊಟ್ಟೆ."

"ನಿಮ್ಮ ಮೇಲಿನ ಪ್ರೀತಿಗೆ ಮಾಡಿದ್ವಿ ಕಣಮ್ಮಾ" ಎಂದರು ಗಾರ್ಡ್ ತಾತ.

"ಗೊತ್ತು. ಅದಕ್ಕೇ ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಈ ಕೌಂಟರಿನ ಹಿಂದೆ ಬಂದು ನೋಡಿ ತಾತ, ಒಂದು ಸ್ಟೂಲ್ ಇದೆಯಾ? ಮೂವತ್ತೊಂದು ವರ್ಷದಲ್ಲಿ ಕೂತ್ಕೊಳಿ ಅಂತ ಒಬ್ಬರಾದ್ರೂ ಅಂದ್ರಾ?"

ತಾತ ತಮ್ಮ ಊರುಗೋಲನ್ನೇ ನೋಡುತ್ತ ನಿಂತರು. "ನಾಳೆ ನಾನು ಬಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದರು ಕೊನೆಗೆ. ದೂರುವ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

ಚಿಕ್ಕಮ್ಮನ ಕೈ ನಿಂತಿತು. ಅರ್ಧ ಸುತ್ತಿದ ಗ್ಲಾಸು ಕೈಯಲ್ಲೇ ಉಳಿಯಿತು. "ಗೊತ್ತಿಲ್ಲ ತಾತ" ಎಂದರು. "ಬೀಗದವನಿಗೆ ಒಂದು ಕೀಲಿ ಕೊಟ್ಟಿರಿ." ಮತ್ತೆ ಸುತ್ತತೊಡಗಿದರು.

ಆ ವಾರ ನಾನು ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಕನ್ನಡಕ ಎಂಬ ಹೆಸರು ಹೋಗಿ 'ಒಂದನೇ ನಂಬರು' ಎಂಬ ಹೆಸರು ಬಂದಿತ್ತು. "ನಿನ್ನ ಸಹಿ ಮೇಲಿತ್ತು ಅಂತ ನಾನು ಹಾಕಿದೆ" ಎಂದು ಬೀಗದವನು ದಿನಕ್ಕೆರಡು ಸಲ ನೆನಪಿಸುತ್ತಿದ್ದ. ಸಂಜೆ ಬಸ್ ನಿಲ್ದಾಣದ ಹತ್ತಿರದ ಬೇರೊಂದು ಬಾರಿಗೆ ಹೋದೆ. ದೊಡ್ಡ ಟೀವಿ, ಮೆತ್ತನೆಯ ಸೋಫಾ. ಎರಡು ಗ್ಲಾಸು ಕುಡಿದು ಎದ್ದು ಬಂದೆ. ನಾನು ಬಂದದ್ದೂ ಹೋದದ್ದೂ ಅಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಮಂಚದ ಮೇಲೆ ಮಲಗಿ ಯೋಚಿಸಿದೆ. ಆಕೆ ಹೊರಟದ್ದಕ್ಕೆ ನನಗೆ ಕೋಪವಿರಲಿಲ್ಲ. ಮೂವತ್ತೊಂದು ವರ್ಷ ನಿಂತವರು ಹೊರಡುತ್ತಾರೆ, ಸರಿ. ಆದರೆ ನಮಗೆ ಮುಖ ಕೊಟ್ಟು ಹೇಳಿ ಹೊರಡಬಹುದಿತ್ತು. ಜಗಳವಾಡುತ್ತಿದ್ದೆವು, ಅಳುತ್ತಿದ್ದೆವು, ಕೊನೆಗೆ ಬಿಟ್ಟುಕೊಡುತ್ತಿದ್ದೆವು. ಅಥವಾ ಬಿಟ್ಟುಕೊಡುತ್ತಿರಲಿಲ್ಲವೇನೋ. ಗೊತ್ತಿಲ್ಲ. ನಮ್ಮ ಮನೆಯ ಹಾಲನ್ನು ನಮ್ಮ ಕೈಯಿಂದಲೇ, ನಮ್ಮ ನಂಬಿಕೆಯನ್ನೇ ಪೆನ್ನು ಮಾಡಿ ಬರೆಸಿಕೊಂಡಿದ್ದರು. ಜ್ವರದಲ್ಲಿ ಸೂಪು ಕಳಿಸಿದ ಕೈ ಅದೇ.

ಅದಕ್ಕಿಂತ ಹೆಚ್ಚಾಗಿ ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಆ ಸೋಮವಾರ ನನಗಿಂತ ಮುಂಚೆ ಬಂದು ಕೂತಿದ್ದವರು ಗಾರ್ಡ್ ತಾತ. ಅವರನ್ನು ದಾಟಿ ಹಲಗೆ ನನ್ನ ಮುಂದೆ ಬಂತು. ಇದಕ್ಕೆ ನಾನೇ ಒಂದು ಸಮಾಧಾನ ಹೊಲಿದುಕೊಂಡಿದ್ದೆ: ನನ್ನ ಮೇಲೆ ಆಕೆಗೆ ಒಂದಿಷ್ಟು ಹೆಚ್ಚಿನ ಅಕ್ಕರೆ ಇತ್ತು, ಮೊದಲು ನನಗೇ ಹೇಳಬೇಕೆಂದಿದ್ದರು, ಬಾಯಿ ಬರಲಿಲ್ಲ, ಕಾಗದ ಕೊಟ್ಟರು. ಓದಲಿ ಎಂದೇ ಕೊಟ್ಟರು. ಮಂಚದ ಮೇಲೆ ಮಲಗಿದವನಿಗೆ ಏನು ಬೇಕಾದರೂ ಹೊಲಿದುಕೊಳ್ಳಲು ಬರುತ್ತದೆ.

ಕೊನೆಯ ದಿನ ಹೋದೆ. ಮಧ್ಯಾಹ್ನದ ಬಿಸಿಲು ಖಾಲಿ ನೆಲದ ಮೇಲೆ ಬಿದ್ದಿತ್ತು. ಮೇಜುಗಳಿರಲಿಲ್ಲ. ಚಿಕ್ಕಮ್ಮ ಒಂದು ಕ್ರೇಟು ಬೋರಲು ಹಾಕಿ ಅದರ ಮೇಲೆ ಕೂತು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂತಾಗ ಅವರು ಇನ್ಯಾರೋ ಆಗಿ ಕಂಡರು, ಬಸ್ಸಿಗೆ ಕಾಯುವ ಯಾರೋ ಒಬ್ಬ ಹೆಂಗಸು.

"ಬಂದ್ಯಾ? ಕೊಡೋಕೆ ಏನೂ ಇಲ್ಲಪ್ಪ" ಎಂದರು.

"ಏನೂ ಬೇಡ. ಒಂದು ಮಾತು ಕೇಳ್ಬೇಕಿತ್ತು."

"ಕೇಳು. ಆದ್ರೆ ಮುಖ ಹಾಗೆ ಮಾಡ್ಕೋಬೇಡ, ನನ್ನ ಅಣ್ಣನ ನೆನಪಾಗುತ್ತೆ."

ಬಾಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಹೋದವು. "ಅವತ್ತು ತಾತ ಮೊದಲೇ ಬಂದು ಕೂತಿದ್ರಲ್ಲ ಚಿಕ್ಕಮ್ಮ" ಎಂದೆ. "ಅವರನ್ನ ಬಿಟ್ಟು ನನಗೇ ಮೊದಲು ಯಾಕೆ ಕೊಟ್ರಿ?"

ಅವರು ಎಣ್ಣೆಯ ಶೀಶೆಗೆ ಬಿರಡೆ ಹಾಕಿ ತಿರುಗಿಸಿದರು. ನನ್ನ ಕಣ್ಣನ್ನು ತಪ್ಪಿಸಲಿಲ್ಲ.

"ಒಂದೂ ಸಹಿ ಇಲ್ಲದ ಹಾಳೆ ಕೊಟ್ಟಿದ್ರೆ ಗಾರ್ಡ್ ಓದಿಬಿಡ್ತಿದ್ರು. ಮೇಲೆ ಒಂದು ಸಹಿ ಬೇಕಿತ್ತು. ನೀನು ಓದಲ್ಲ ಅಂತ ಗೊತ್ತಿತ್ತು. ಓದೋನಾಗಿದ್ದಿದ್ರೆ ನಿನಗೆ ಕೊಡ್ತಾನೇ ಇರ್ಲಿಲ್ಲ."